ಸೊಂಟ ನೋವಿನ ಮೂಲ ಹುಡುಕುವುದು: ಬೆರಳಿಟ್ಟ ಜಾಗದಿಂದ ಮೂಳೆಯವರೆಗೆ

ಸೊಂಟ ನೋವು ಅಂತ ಬಂದವರನ್ನು ಮೊದಲು ಕೇಳಬೇಕಾದ್ದು ಇಷ್ಟೇ: ಒಂದೇ ಬೆರಳಿಟ್ಟು ತೋರಿಸಿ. ಒಬ್ಬರು ಬೆನ್ನಿನ ಕೆಳಗೆ ಮುಟ್ಟುತ್ತಾರೆ. ಇನ್ನೊಬ್ಬರು ಪಿರ್ರೆಯ ಮೇಲೆ. ಮತ್ತೊಬ್ಬರು ತೊಡೆಯ ಹೊರಬದಿಗೆ ಅಂಗೈ ಇಡುತ್ತಾರೆ. ಕೆಲವರು ಮಾತ್ರ ತೊಡೆಸಂದಿಗೆ ಬೆರಳು ಒಯ್ಯುತ್ತಾರೆ. ಈ ನಾಲ್ಕರ ಹಿಂದಿರುವ ದೋಷಗಳೂ ಸಾಮಾನ್ಯವಾಗಿ ಬೇರೆ ಬೇರೆ, ಚಿಕಿತ್ಸೆಯೂ ಬೇರೆ.

ಈಗೀಗ ಬೆರಳಿಡುವ ಮೊದಲೇ ಬೆನ್ನಿನ ಎಂಆರ್‌ಐ ಮಾಡಿಸಿಕೊಂಡು ಬರುವವರು ಜಾಸ್ತಿ. ನಡುವಯಸ್ಸು ದಾಟಿದವರ ಬೆನ್ನಿನ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದ್ದು ಕಾಣುವುದು ಮಾಮೂಲು. ನೋವೇ ಇಲ್ಲದವರಲ್ಲೂ ಅದು ಇರುತ್ತದೆ. ಆ ಉಬ್ಬನ್ನೇ ಹಿಡಿದು ತಿಂಗಳುಗಟ್ಟಲೆ ಬೆನ್ನಿಗೆ ಶಾಖ, ಬೆಲ್ಟು, ಮಾತ್ರೆ ನಡೆಯುತ್ತದೆ. ಕೊನೆಗೆ ದೋಷ ಸೊಂಟದ ಕೀಲಿನಲ್ಲಿ ಸಿಗುತ್ತದೆ. ಜಾಗ ಗುರುತಿಸಿ ಆಮೇಲೆ ಸ್ಕ್ಯಾನ್ ಮಾಡಿಸಿದರೆ ಈ ಸುತ್ತಾಟ ತಪ್ಪುತ್ತದೆ.

ಇವಿದ್ದರೆ ಪತ್ತೆ ಕೆಲಸ ಬೇಡ, ನೇರ ಆಸ್ಪತ್ರೆಗೆ

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಏಳಲು ಆಗುತ್ತಿಲ್ಲ. ಮಲಗಿಸಿ ನೋಡಿದರೆ ಒಂದು ಕಾಲು ಗಿಡ್ಡವಾಗಿದೆ, ಪಾದ ಹೊರಕ್ಕೆ ತಿರುಗಿಕೊಂಡಿದೆ. ತೊಡೆಮೂಳೆಯ ಮೇಲ್ತುದಿ ಮುರಿದಿದೆ ಎಂದುಕೊಂಡೇ ನಡೆದುಕೊಳ್ಳಿ. ಎಣ್ಣೆ ಹಚ್ಚಿ ನೀವುವುದು, ಎಳೆದು ಕೂರಿಸುವುದು, ನಾಟಿ ಕಟ್ಟು ಕಟ್ಟಿಸುವುದು ಯಾವುದೂ ಬೇಡ. ಇಂಥವರಲ್ಲಿ ಮುರಿದ ಮೂಳೆಗಿಂತ ಹಾಸಿಗೆ ಹಿಡಿಯುವುದೇ ದೊಡ್ಡ ಅಪಾಯ. ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಬೆನ್ನಲ್ಲಿ ಹುಣ್ಣಾಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ 48 ಗಂಟೆಯೊಳಗೆ ಆಪರೇಷನ್ ಮುಗಿಸಲು ವೈದ್ಯರು ಅವಸರ ಮಾಡುತ್ತಾರೆ. 'ಈ ವಯಸ್ಸಲ್ಲಿ ಆಪರೇಷನ್ ಯಾಕೆ' ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಈ ವಯಸ್ಸಾದ್ದರಿಂದಲೇ ಬೇಕು.

ಕಾರು ಗುದ್ದಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದಿದೆ, ಕಾಲು ಗಿಡ್ಡವಾಗಿದೆ, ಆದರೆ ಪಾದ ಒಳಕ್ಕೆ ತಿರುಗಿದೆ ಎಂದರೆ ಅದು ಬೇರೆಯದೇ ಕತೆ. ತೊಡೆಮೂಳೆಯ ಗುಂಡು ತನ್ನ ಗುಳಿಯಿಂದ ಹಿಂದಕ್ಕೆ ಜಾರಿರುವ ಸಾಧ್ಯತೆ ಹೆಚ್ಚು. ಆರು ಗಂಟೆಯೊಳಗೆ ಕೂರಿಸದಿದ್ದರೆ ಗುಂಡಿನ ರಕ್ತ ಪೂರೈಕೆ ಕೆಡುವ ಅಪಾಯ ಏರುತ್ತದೆ. ಹಿಂದೆಯೇ ಕಾಲಿಗೆ ಇಳಿಯುವ ದೊಡ್ಡ ನರ, ಸಯಾಟಿಕ್ ನರ ಇದೆ. ಪಾದ ಮೇಲೆತ್ತಲು ಆಗುತ್ತದೋ ಎಂದು ಒಮ್ಮೆ ಕೇಳಿ, ಉತ್ತರವನ್ನು ವೈದ್ಯರಿಗೆ ಹೇಳಿ.

ಎರಡು ಸೊಂಟದ ಮೂಳೆಗಳು, ಹಿಂದೆ ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ, ತ್ರಿಕಾಸ್ಥಿ. ಮೂರೂ ಸೇರಿ ಒಂದು ಉಂಗುರ. ಗಾಜಿನ ಬಳೆ ಒಂದೇ ಕಡೆ ಒಡೆಯುವುದಿಲ್ಲ ಅಲ್ವಾ? ಇದೂ ಹಾಗೆಯೇ. ಅಪಘಾತದ ಎಕ್ಸ್‌ರೇಯಲ್ಲಿ ಮುಂದೆ ಒಂದು ಸೀಳು ಕಂಡರೆ ಹಿಂದೆ ಇನ್ನೊಂದನ್ನು ಹುಡುಕಬೇಕು. ಈ ಉಂಗುರದ ಒಳಗೋಡೆಗೆ ಅಂಟಿಕೊಂಡ ರಕ್ತನಾಳಗಳು ಹರಿದರೆ ಲೀಟರುಗಟ್ಟಲೆ ರಕ್ತ ಒಳಗೇ ಸೋರಿಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಲಾರಿ ಹರಿದವರು, ಮರದಿಂದ ಬಿದ್ದವರು ಬೆವರಿ, ಬಿಳಿಚಿಕೊಂಡು, ಸೊಂಟ ಹಿಡಿದುಕೊಂಡರೆ 108ಕ್ಕೆ ಕರೆ ಮಾಡಿ. ಸೊಂಟವನ್ನು ಅಲ್ಲಾಡಿಸಿ ನೋಡಬೇಡಿ. ಒಂದು ಬೆಡ್‌ಶೀಟನ್ನು ಅಗಲ ಪಟ್ಟಿಯಾಗಿ ಮಡಚಿ ಬಿಗಿಯಾಗಿ ಸುತ್ತುವುದು ಪ್ರಾಣ ಉಳಿಸಬಲ್ಲ ಕೆಲಸ. ಎಲ್ಲಿ ಸುತ್ತಬೇಕು ಎಂಬುದರಲ್ಲೇ ತಪ್ಪಾಗುತ್ತದೆ. ಬೆಲ್ಟ್ ಕಟ್ಟುವ ಜಾಗದಲ್ಲಿ ಅಲ್ಲ. ಅದಕ್ಕಿಂತ ಕೆಳಗೆ, ತೊಡೆಯ ಹೊರಬದಿಯಲ್ಲಿ ಮೂಳೆ ಉಬ್ಬಿರುತ್ತದಲ್ಲ, ಆ ಮಟ್ಟದಲ್ಲಿ. ಜೊತೆಗೆ ಎರಡೂ ಮೊಣಕಾಲುಗಳನ್ನು ಸೇರಿಸಿ ಕಟ್ಟಿ.

ಮಗುವಿಗೆ ಜ್ವರ ಇದೆ, ಕಾಲು ನೆಲಕ್ಕೆ ಊರುತ್ತಿಲ್ಲ, ತೊಡೆ ಅಲ್ಲಾಡಿಸಿದರೆ ಚೀರುತ್ತದೆ. ಕೀಲಿನಲ್ಲಿ ಕೀವಾಗಿರಬಹುದು. ಇಲ್ಲಿ ನಾಳೆ ನೋಡೋಣ ಎಂಬುದಿಲ್ಲ. ಕೀವು ಕೀಲಿನ ಮೆತ್ತನೆ ಪದರವನ್ನು ತಿನ್ನಲು ಹೆಚ್ಚು ದಿನ ಬೇಡ.

ಇನ್ನೆರಡು: ನೋವಿನ ಜೊತೆ ಮೂತ್ರ ಕಟ್ಟಿಕೊಂಡು, ಗುದದ ಸುತ್ತ ಜೋಮು ಹಿಡಿದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿವೆ ಎಂದರ್ಥ. ಅವತ್ತೇ ಹೋಗಬೇಕು. ಹಿಂದೆ ಕ್ಯಾನ್ಸರ್ ಇದ್ದವರಿಗೆ ರಾತ್ರಿ ಮಲಗಿದರೂ ಬಿಡದ ಮೂಳೆ ನೋವು ಬಂದರೂ ತಡ ಮಾಡಬಾರದು. ಸ್ತನ, ಪ್ರಾಸ್ಟೇಟ್ ಕ್ಯಾನ್ಸರುಗಳು ಸೊಂಟದ ಮೂಳೆಗೆ ಹರಡುವುದುಂಟು.

ಮೂಳೆಯನ್ನು ಕೈಯಿಂದಲೇ ಗುರುತು ಹಿಡಿಯಿರಿ

ಸೊಂಟದ ಮೂಳೆ ಹುಟ್ಟುವಾಗ ಒಂದು ಮೂಳೆಯಲ್ಲ, ಮೂರು. ಮೇಲೆ ಅಗಲವಾಗಿ ಹರಡಿರುವುದು ಇಲಿಯಂ. ಕೂತಾಗ ನೆಲಕ್ಕೆ ಒತ್ತುವುದು ಇಸ್ಕಿಯಂ. ಮುಂದೆ, ಹೊಕ್ಕುಳಿನ ಕೆಳಗೆ ಎದುರುಬದುರಾಗಿ ಸೇರುವುದು ಪ್ಯೂಬಿಸ್. ಮೂರೂ ಕೂಡುವ ಜಾಗವೇ ತೊಡೆಮೂಳೆಯ ಗುಂಡು ಕೂರುವ ಗುಳಿ, ಅಸಿಟ್ಯಾಬುಲಂ. ಈ ಗುಳಿಯಲ್ಲಿ ಇಲಿಯಂ, ಇಸ್ಕಿಯಂ ಪಾಲು ಹೆಚ್ಚು. ಪ್ಯೂಬಿಸ್‌ನದು ಐದರಲ್ಲಿ ಒಂದು ಭಾಗ ಮಾತ್ರ. ಮಕ್ಕಳಲ್ಲಿ ಮೂರರ ನಡುವೆ ಇಂಗ್ಲಿಷಿನ ವೈ ಆಕಾರದ ಮೆತ್ತನೆ ಎಲುಬು ಇರುತ್ತದೆ. ಸುಮಾರು 14ರಿಂದ 17 ವರ್ಷದ ನಡುವೆ ಅದು ಗಟ್ಟಿಯಾಗಿ ಮೂರೂ ಒಂದಾಗುತ್ತವೆ. ಇದು ಗೊತ್ತಿಲ್ಲದೆ ಮಗುವಿನ ಎಕ್ಸ್‌ರೇ ನೋಡಿ 'ಇಲ್ಲಿ ಸೀಳಿದೆ' ಎಂದು ಹೆದರಿದ ಅಪ್ಪ ಅಮ್ಮ ಎಷ್ಟೋ ಜನ.

ಈಗ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಳ್ಳಿ. ಉಡಿದಾರ ಜಾರದಂತೆ ತಡೆಯುವ ಏಣು ಸಿಗುತ್ತದೆ. ಅದು ಇಲಿಯಂನ ಮೇಲಂಚು. ಎರಡೂ ಕಡೆಯ ಏಣಿನ ತುದಿಗಳನ್ನು ಬೆನ್ನ ಮೇಲೆ ಗೆರೆ ಎಳೆದು ಸೇರಿಸಿದರೆ ಸಾಮಾನ್ಯವಾಗಿ ಸೊಂಟದ ನಾಲ್ಕನೇ ಕಶೇರುವಿನ (ಬೆನ್ನುಮೂಳೆಯ ಮಣಿಯ) ಮಟ್ಟ ಬರುತ್ತದೆ. ಸಿಸೇರಿಯನ್‌ಗೆ ಮುಂಚೆ ಬೆನ್ನಿಗೆ ಸೂಜಿ ಹಾಕುವ ವೈದ್ಯರು ಏಣನ್ನು ತಡವಿ ನೋಡುವುದು ಇದಕ್ಕೇ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಅಥವಾ ಎರಡನೇ ಕಶೇರುವಿನ ಹತ್ತಿರವೇ ಮುಗಿದಿರುತ್ತದೆ. ಹಾಗಾಗಿ ಕೆಳಗೆ ಚುಚ್ಚಿದರೆ ಅದಕ್ಕೆ ತಾಕುವುದಿಲ್ಲ. ಹೆರಿಗೆಯಾಗಿ ಹತ್ತು ವರ್ಷವಾದರೂ ಸೊಂಟ ನೋವಿಗೆ ಆ ಸೂಜಿಯನ್ನೇ ಬೈಯುವವರಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ನೋವಿಗೆ ಅದು ಕಾರಣವಲ್ಲ. ಬೇರೆ ಕಾರಣ ಹುಡುಕಿ.

ಏಣನ್ನು ಹಿಡಿದು ಮುಂದಕ್ಕೆ ಬನ್ನಿ. ಕಿಬ್ಬೊಟ್ಟೆಯ ಬದಿಯಲ್ಲಿ ಮೊನಚಾದ ತುದಿ ಸಿಗುತ್ತದೆ. ಇದನ್ನು ಮುಂಮೊನೆ ಎನ್ನೋಣ. ಹಿಂದಕ್ಕೆ ಹೋದರೆ ಬೆನ್ನಿನ ಕೆಳಗೆ ಎರಡು ಕಡೆ ಚರ್ಮ ಒಳಕ್ಕೆ ಕುಳಿ ಬಿದ್ದಿರುವಲ್ಲಿ ಹಿಂಮೊನೆ. ರಕ್ತದ ಕಾಯಿಲೆಗೆ ಮೂಳೆಮಜ್ಜೆ ತೆಗೆಯುವುದು ಹೆಚ್ಚಾಗಿ ಇಲ್ಲಿಂದಲೇ. ಮೂಳೆ ಚರ್ಮಕ್ಕೆ ಹತ್ತಿರ, ದಪ್ಪ, ಕೆಳಗೆ ಮುಖ್ಯ ಅಂಗ ಯಾವುದೂ ಇಲ್ಲ. ಕೊನೆಗೆ ಗಟ್ಟಿ ಕುರ್ಚಿಯ ಮೇಲೆ ಕೂತು ಕೈಯನ್ನು ಕೆಳಗೆ ತೂರಿಸಿ. ಒತ್ತುವ ಗಂಟೇ ಇಸ್ಕಿಯಂನ ಕೂರುಮೂಳೆ.

ಈ ನಾಲ್ಕು ಗುರುತು ಸಿಕ್ಕರೆ ಮುಂದಿನದು ಸಲೀಸು.

ನಡಿಗೆ, ನಿಲುವು, ತಿರುವು

ನೋವಿರುವವರನ್ನು ಸ್ವಲ್ಪ ದೂರ ನಡೆಸಿ ನೋಡಿ. ನೋವಿರುವ ಕಾಲಿನ ಮೇಲೆ ಬೇಗ ಬೇಗ ಹೆಜ್ಜೆ ಎತ್ತಿಬಿಟ್ಟರೆ ಅದು ನೋವಿನ ಕುಂಟು. ಮೈ ಒಂದು ಕಡೆಗೆ ವಾಲುತ್ತಿದ್ದರೆ ಒಂಟಿ ಕಾಲಲ್ಲಿ ನಿಲ್ಲಿಸಿ. ಬೀಳದಂತೆ ಪಕ್ಕದಲ್ಲೇ ಇರಿ. ಬಲಗಾಲಲ್ಲಿ ನಿಂತಾಗ ಎಡಗಡೆಯ ಸೊಂಟ ಕೆಳಕ್ಕೆ ಇಳಿಯಿತು ಎನ್ನಿ. ದೋಷ ಎಡಗಡೆ ಅಲ್ಲ, ಬಲಗಡೆ. ನಿಂತ ಕಾಲಿನ ಬದಿಯ ಸ್ನಾಯು, ಗ್ಲೂಟಿಯಸ್ ಮೀಡಿಯಸ್, ಇಲಿಯಂನ ಹೊರಮೈಯಿಂದ ಹೊರಟು ತೊಡೆಮೂಳೆಯ ಉಬ್ಬಿಗೆ ಅಂಟುತ್ತದೆ. ಒಂದು ಕಾಲು ಎತ್ತಿದಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಅದರ ಕೆಲಸ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ವಿವರಿಸಿದ ಈ ಪರೀಕ್ಷೆಗೆ ಇಂದಿಗೂ ಕಾಸು ಖರ್ಚಿಲ್ಲ.

ಇದೇ ಲೆಕ್ಕದಲ್ಲಿ ಊರುಗೋಲು ನೋವಿರುವ ಕಡೆಯ ಕೈಯಲ್ಲಿ ಇರಬಾರದು. ಎದುರು ಕೈಯಲ್ಲಿ ಇರಬೇಕು. ಬಲಸೊಂಟ ನೋವೆಂದರೆ ಕೋಲು ಎಡಗೈಗೆ. ಆಗ ಬಲಗಡೆಯ ಸ್ನಾಯು ಎಳೆಯಬೇಕಾದ ಭಾರ ತಗ್ಗಿ ಕೀಲಿನ ಒತ್ತಡವೂ ತಗ್ಗುತ್ತದೆ.

ಮುಂದಿನದು ತಿರುವು. ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಿಸಿ. ತೊಡೆಗಳು ಅಲ್ಲಾಡದಂತೆ ಪಾದಗಳನ್ನು ಹೊರಕ್ಕೆ ಒಯ್ಯಲು ಹೇಳಿ. ಪಾದ ಹೊರಕ್ಕೆ ಹೋದಾಗ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ಒಂದು ಕಡೆ ಪಾದ ಅರ್ಧಕ್ಕೇ ನಿಂತು ತೊಡೆಸಂದಿನಲ್ಲಿ ಹಿಡಿದರೆ ಅನುಮಾನ ಕೀಲಿನ ಮೇಲೆ. ಕೀಲು ಕೆಡಲು ಶುರುವಾದಾಗ ಮೊದಲು ಕಳೆದುಹೋಗುವ ಚಲನೆ ಸಾಮಾನ್ಯವಾಗಿ ಇದೇ. ಬಿದ್ದು ಪೆಟ್ಟಾದವರಿಗೆ ಈ ಪರೀಕ್ಷೆ ಯಾವುದನ್ನೂ ಮಾಡಬೇಡಿ.

ಬೆರಳು ತೊಡೆಸಂದಿಗೆ ಹೋದರೆ

ಸೊಂಟದ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲೇ ಕಾಣಿಸುತ್ತದೆ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಬರುವಂತೆ ಬದಿಯನ್ನು ಹಿಡಿದು ತೋರಿಸುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳು ನಮ್ಮ ಬದುಕಿನವೇ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುತ್ತದಾ? ಕುಕ್ಕರಗಾಲಲ್ಲಿ ಕೂತು ಏಳಲು? ಕಾಲುಗುರು ಕತ್ತರಿಸಲು? ಸ್ಕೂಟರ್ ಮೇಲೆ ಕಾಲು ಹಾಕುವಾಗ ಚುಚ್ಚುತ್ತದಾ? ಇವು ಒಂದೊಂದಾಗಿ ಕೈಬಿಟ್ಟುಹೋಗಿದ್ದರೆ ಬೆನ್ನನ್ನು ಬಿಟ್ಟು ಕೀಲನ್ನು ನೋಡಿ.

ಅರವತ್ತು ದಾಟಿದವರಲ್ಲಿ ಸವೆತ ಮೊದಲ ಅನುಮಾನ. ಮೂವತ್ತು, ನಲವತ್ತರ ಗಂಡಸರಲ್ಲಿ ಹಾಗಲ್ಲ. ಅಲ್ಲಿ ನಾನು ಮೊದಲು ಕೇಳುವುದು ಸ್ಟೆರಾಯ್ಡ್ ಮತ್ತು ಮದ್ಯದ ಬಗ್ಗೆ. ತೊಡೆಮೂಳೆಯ ಗುಂಡಿಗೆ ರಕ್ತ ಬರುವ ದಾರಿ ಬಹಳ ಇಕ್ಕಟ್ಟು. ಮುಖ್ಯವಾಗಿ ಒಂದೇ ರಕ್ತನಾಳ, ಮೂಳೆಯ ಕುತ್ತಿಗೆಯನ್ನು ಹಿಂದಿನಿಂದ ಬಳಸಿ ಬರುತ್ತದೆ. ಆ ಪೂರೈಕೆ ನಿಂತರೆ ಗುಂಡು ಒಳಗೊಳಗೇ ಸತ್ತು, ಆಮೇಲೆ ಕುಸಿಯುತ್ತದೆ. ಆ ಮೂಳೆಯ ಕತ್ತು ಮುರಿದದ್ದು, ಕೀಲು ಜಾರಿದ್ದು ಕಾರಣವಾಗಬಹುದು. ಹೆಚ್ಚು ಪ್ರಮಾಣದ ಸ್ಟೆರಾಯ್ಡ್, ಅತಿ ಕುಡಿತವೂ ಕಾರಣ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಸ್ಟೆರಾಯ್ಡ್ ಪಡೆದವರಲ್ಲಿ ಇಂಥ ಪ್ರಕರಣಗಳು ದೇಶದಲ್ಲಿ ವರದಿಯಾದವು. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇರುವವರಲ್ಲೂ ಇದು ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಸಮುದಾಯಗಳ ಯುವಕರು ತೊಡೆಸಂದು ನೋವು ಎಂದರೆ ಆ ರಕ್ತಪರೀಕ್ಷೆಯನ್ನು ಮರೆಯಬಾರದು.

ನಾನು ಸ್ಟೆರಾಯ್ಡ್ ತಗೊಂಡೇ ಇಲ್ಲ ಎಂದು ಹೇಳುವವರನ್ನು ಇನ್ನೊಂದು ಸಲ ಕೇಳಿ. ಮೈಕೈ ನೋವಿಗೆ ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿ, ಉಬ್ಬಸಕ್ಕೆ ಯಾರೋ ಕೊಟ್ಟ ಮಾತ್ರೆ, ಜಿಮ್‌ನಲ್ಲಿ ಸಿಕ್ಕ ಚುಚ್ಚುಮದ್ದು. ತಗೊಂಡವರಿಗೆ ಅದರಲ್ಲೇನಿದೆ ಎಂದು ಗೊತ್ತಿರುವುದಿಲ್ಲ.

ಇಲ್ಲಿ ಎಕ್ಸ್‌ರೇ ಮೋಸ ಮಾಡುತ್ತದೆ. ಮೊದಲ ಹಂತದಲ್ಲಿ ಅದು ನಾರ್ಮಲ್ ಆಗಿಯೇ ಇರುತ್ತದೆ. ಕಾಣಬೇಕೆಂದರೆ ಎಂಆರ್‌ಐ ಬೇಕು, ಅದೂ ಬೆನ್ನಿನದಲ್ಲ, ಎರಡೂ ಸೊಂಟದ ಕೀಲುಗಳದ್ದು. ಒಂದು ಕಡೆ ನೋವಿದ್ದರೂ ಇನ್ನೊಂದು ಕಡೆ ಸದ್ದಿಲ್ಲದೆ ಶುರುವಾಗಿರಬಹುದು. ಗುಂಡು ಕುಸಿಯುವ ಮೊದಲು ಸಿಕ್ಕರೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವಂಥ ದಾರಿಗಳಿವೆ. ಕುಸಿದ ಮೇಲೆ ಉಳಿಯುವುದು ಹೆಚ್ಚಾಗಿ ಕೀಲು ಬದಲಾವಣೆಯೇ.

ಚಿಕ್ಕ ವಯಸ್ಸಿನಲ್ಲೇ ಎರಡೂ ಕೀಲು ಕೆಟ್ಟಿದ್ದರೆ ಮನೆಯವರ ಬಗ್ಗೆ ಕೇಳಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಕಾಯಿಲೆ ಇದಕ್ಕೆ ನಮ್ಮದೇ ಉದಾಹರಣೆ. ನಡೆಯುತ್ತಿದ್ದವರು ಸೊಂಟ, ಮೊಣಕಾಲು ನೋವಿನಿಂದ ಕುಗ್ಗಿ ತೆವಳುವ ಸ್ಥಿತಿಗೆ ಬಂದರು. ಕೆಲವು ಮನೆಗಳಲ್ಲಿ ಮಕ್ಕಳು ಗಿಡ್ಡವಾಗಿಯೇ ಉಳಿದರು. ಮೊದಲು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಅಲ್ಲಿ ಹಿಡಿದು ತಿಂದ ಏಡಿಯ ಮೇಲೆ ಅನುಮಾನ ಹೋಗಿತ್ತು. ನಂತರದ ಅಧ್ಯಯನಗಳು ಇದು ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದವು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ತೊಡೆಸಂದು ನೋವೆಲ್ಲ ಕೀಲಿನದೇ ಅಲ್ಲ. ಕೆಮ್ಮಿದಾಗ ಉಬ್ಬಿದರೆ ಹರ್ನಿಯಾ. ಅಲೆ ಅಲೆಯಾಗಿ ಬಂದು ಸುತ್ತಿಸಿದರೆ ಮೂತ್ರಕೋಶದ ದಾರಿಯ ಕಲ್ಲು. ಇನ್ನೊಂದು ಸ್ವಲ್ಪ ಜಾಣ ದೋಷ: ತೊಡೆ ಮಡಚಿಕೊಂಡೇ ಮಲಗಿರುತ್ತಾರೆ, ನೇರ ಮಾಡಲು ಬಿಡುವುದಿಲ್ಲ, ಆದರೆ ಮಡಚಿದ ಸ್ಥಿತಿಯಲ್ಲಿ ಒಳಗೆ ಹೊರಗೆ ತಿರುಗಿಸಿದರೆ ಸರಾಗ. ಕೀಲು ಕೆಟ್ಟಿದ್ದರೆ ತಿರುವೇ ಮೊದಲು ನಿಲ್ಲಬೇಕಿತ್ತಲ್ಲ? ಹಾಗಾದರೆ ದೋಷ ಇರುವುದು ಹೊಟ್ಟೆಯ ಹಿಂಗೋಡೆಯಿಂದ ತೊಡೆಗೆ ಇಳಿಯುವ ಸೋಯಸ್ ಸ್ನಾಯುವಿನಲ್ಲಿ. ಬೆನ್ನುಮೂಳೆಯ ಕ್ಷಯದ ಕೀವು ಆ ಸ್ನಾಯುವಿನ ಜಾಡಿನಲ್ಲೇ ತೊಡೆಸಂದಿಗೆ ಇಳಿದು ಬರುವುದು ನಮ್ಮ ದೇಶದಲ್ಲಿ ಹೊಸದಲ್ಲ.

ಹೊರಬದಿ

ಇಲ್ಲಿ ಎರಡೇ ಮುಖ್ಯ. ಆ ಮಗ್ಗುಲಿಗೆ ಮಲಗಿದರೆ ನೋವು, ಉಬ್ಬಿನ ಮೇಲೆ ಒತ್ತಿದರೆ ನೋವು ಎಂದರೆ ಗ್ಲೂಟಿಯಸ್ ಸ್ನಾಯುಗಳ ದಾರ ಅಂಟುವ ಜಾಗ ಕೆರಳಿದೆ. ನಡುವಯಸ್ಸಿನ ಹೆಂಗಸರಲ್ಲಿ ಜಾಸ್ತಿ. ವ್ಯಾಯಾಮ ಮತ್ತು ಕಾಲ ಮೇಲೆ ಕಾಲು ಹಾಕಿ ಕೂರದಿರುವುದು ಮಾತ್ರೆಗಿಂತ ಕೆಲಸ ಮಾಡುತ್ತವೆ.

ತೊಡೆಯ ಹೊರಬದಿ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಆದರೆ ಕಾಲಿಗೆ ಬಲ ಇದ್ದೇ ಇದೆ ಎಂದರೆ ಮುಂಮೊನೆಯ ಪಕ್ಕದಲ್ಲಿ ಹಾದುಹೋಗುವ ಚರ್ಮದ ನರ ಒತ್ತಿಹೋಗಿದೆ. ಬಿಗಿ ಬೆಲ್ಟ್, ಬಿಗಿ ಜೀನ್ಸ್, ಹೆಚ್ಚಿದ ಹೊಟ್ಟೆ, ಬಸಿರು. ಸಡಿಲ ಮಾಡಿಕೊಂಡು ಕೆಲವು ವಾರ ಕಾಯಿರಿ. ಸುಮ್ನೆ ಬೆನ್ನಿನ ಸ್ಕ್ಯಾನಿಗೆ ಓಡಬೇಡಿ.

ಹಿಂದೆ, ಕುಳಿಯ ಹತ್ತಿರ

ಬೆರಳು ಹಿಂಮೊನೆಯ ಕುಳಿಯ ಕೆಳಗೇ ಕೂತರೆ ಇಲಿಯಂ ಮತ್ತು ತ್ರಿಕಾಸ್ಥಿ ಸೇರುವ ಕೀಲನ್ನು ನೆನಪಿಸಿಕೊಳ್ಳಿ. ಇದು ಹೆಚ್ಚು ಅಲ್ಲಾಡುವ ಕೀಲಲ್ಲ. ಭಾರ ದಾಟಿಸುವ ಕೀಲು. ನೋವು ಮೊಣಕಾಲು ದಾಟಿ ಪಾದದವರೆಗೆ ಇಳಿದರೆ, ಕೆಮ್ಮಿದಾಗ ಚಳಕು ಹೊಡೆದರೆ ಬೆನ್ನಿನ ನರದ ಕಡೆ ನೋಡಿ. ಇಲ್ಲಿಯೇ ನಿಂತರೆ ಹೊತ್ತನ್ನು ಕೇಳಿ. ಕೆಲಸ ಮಾಡಿದರೆ ಹೆಚ್ಚು, ಮಲಗಿದರೆ ಕಡಿಮೆ ಎಂದರೆ ಉಳುಕು, ಸವೆತದ ಜಾತಿಯ ನೋವು. ತಿರುಗುಮುರುಗು ಇದ್ದರೆ ಎಚ್ಚರ. ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದೆ, ಎದ್ದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿ, ಓಡಾಡಿದರೆ ಸಡಿಲ, ಒಮ್ಮೆ ಬಲ ಪಿರ್ರೆ ಇನ್ನೊಮ್ಮೆ ಎಡ. ವಯಸ್ಸು ನಲವತ್ತೈದರ ಒಳಗೆ. ಇದು ಬೆನ್ನುಮೂಳೆಯನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಉರಿಯೂತ ಇರಬಹುದು. ಕಣ್ಣು ಕೆಂಪಾಗಿ ನೋಯುವುದು ಬಂದುಹೋಗಿದ್ದರೆ ಅದನ್ನೂ ಹೇಳಿ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಹಿಡಿಯಬಹುದು. ಹೋಗಬೇಕಾದ್ದು ಮೂಳೆ ವೈದ್ಯರಲ್ಲಿಗಿಂತ ರುಮಟಾಲಜಿ (ಕೀಲಿನ ಉರಿಯೂತ ನೋಡುವ) ವೈದ್ಯರಲ್ಲಿಗೆ.

ಕುರಿ, ಮೇಕೆ, ದನ ಸಾಕುವವರಿಗೆ ಒಂದು ಪ್ರಶ್ನೆ ಹೆಚ್ಚು. ಬಿಟ್ಟು ಬಿಟ್ಟು ಜ್ವರ, ಬೆವರು, ಜೊತೆಗೆ ಈ ಕೀಲಿನ ನೋವು ಇದೆಯಾ? ಕಂದು ಹಾಕಿದ ಜಾನುವಾರಿನ ಮಾಸು ಮುಟ್ಟಿದ್ದು, ಕಾಯಿಸದ ಹಾಲು ಕುಡಿದದ್ದು ಇದ್ದರೆ ಜಾನುವಾರಿನಿಂದ ಬರುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಮಾಡಿಸಿ. ಇದನ್ನು ಕೇಳದೆ ಬಿಟ್ಟರೆ ಸುಲಭಕ್ಕೆ ಹೊಳೆಯುವುದಿಲ್ಲ.

ಚುಚ್ಚುಮದ್ದಿನ ನಂತರ ಶುರುವಾದ ನೋವೂ ಇಲ್ಲೇ ಬರುತ್ತದೆ. ಪಿರ್ರೆಯನ್ನು ನಾಲ್ಕು ಭಾಗ ಮಾಡಿದರೆ ಮೇಲಿನ ಹೊರಭಾಗವಷ್ಟೇ ಸುರಕ್ಷಿತ. ಒಳಗಡೆ, ಕೆಳಗಡೆ ಸಯಾಟಿಕ್ ನರ ಇಳಿಯುತ್ತದೆ. ಸೂಜಿ ಚುಚ್ಚಿದ ಕ್ಷಣವೇ ಕಾಲಿಗೆ ಕರೆಂಟ್ ಹೊಡೆದಂತಾಗಿ ಪಾದ ಜೋತುಬಿದ್ದರೆ ಬರೀ ಊತ ಎಂದು ಕಾಯದೆ ನರದ ಪರೀಕ್ಷೆಗೆ ಹೋಗಬೇಕು. ಪುಟ್ಟ ಮಕ್ಕಳಲ್ಲಿ ಪಿರ್ರೆ ತುಂಬಿರುವುದಿಲ್ಲ. ಅದಕ್ಕೇ ಅವರಿಗೆ ಸ್ನಾಯುವಿಗೆ ಕೊಡುವ ಲಸಿಕೆಗಳನ್ನು ತೊಡೆಗೆ ಹಾಕುವುದು.

ಕೂತರೆ ಮಾತ್ರ ನೋವು, ಅಥವಾ ಮುಂದೆ ನಡುವಿನಲ್ಲಿ ನೋವು

ಗಟ್ಟಿ ಜಾಗದಲ್ಲಿ ಕೂತಾಗ ಕೂರುಮೂಳೆ ನೋಯುತ್ತಿದ್ದರೆ ಅದರ ಮೇಲಿನ ನೀರಿನ ಚೀಲ ಊದಿರಬಹುದು. ದಿನವಿಡೀ ಕೂತು ಕೆಲಸ ಮಾಡುವವರ ಕಾಯಿಲೆ. ಹಿಂದೆ ಇಂಗ್ಲಿಷಿನಲ್ಲಿ ಇದಕ್ಕೆ ನೇಕಾರರ ಹೆಸರೇ ಅಂಟಿತ್ತು. ಹದಿಹರೆಯದವರಲ್ಲಿ ಮಾತ್ರ ಲೆಕ್ಕ ಬೇರೆ. ಸ್ನಾಯು ಅಂಟುವ ಮೂಳೆತುದಿಗಳು ಅವರಲ್ಲಿ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಸ್ನಾಯು ಹರಿಯುವ ಬದಲು ಮೂಳೆಯ ತುಣುಕೇ ಕಿತ್ತುಬರುತ್ತದೆ. ಓಟದ ಮಧ್ಯೆ 'ಟಕ್' ಎಂದು ಮುಂಮೊನೆಯಲ್ಲಿ ನೋವು, ಚೆಂಡು ಒದ್ದಾಗ ಅದರ ಸ್ವಲ್ಪ ಕೆಳಗೆ ನೋವು, ಹರ್ಡಲ್ಸ್ ದಾಟುವಾಗ ಕೂರುಮೂಳೆಯಲ್ಲಿ ನೋವು. ಸ್ಪೋರ್ಟ್ಸ್ ಡೇ ಮರುದಿನ ಕುಂಟುತ್ತಾ ಬಂದ ಹುಡುಗನಿಗೆ ಸ್ಪ್ರೇ ಹೊಡೆದು ಮತ್ತೆ ಓಡಿಸುವ ಮುಂಚೆ ಒಂದು ಎಕ್ಸ್‌ರೇ ತೆಗೆಸಿ. ಹೆಚ್ಚಿನವು ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತವೆ.

ಬಸುರಿಯರಲ್ಲಿ ಮುಂದಿನ ಪ್ಯೂಬಿಸ್ ಸಂದು ಸಡಿಲವಾಗುತ್ತದೆ. ಹೆರಿಗೆಗೆ ದಾರಿ ಬಿಡುವ ಏರ್ಪಾಡು ಅದು. ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುವ ಸಂದು ಇನ್ನೂ ಎರಡು ಮೂರು ಮಿಲಿಮೀಟರ್ ಅಗಲವಾದರೆ ತೊಂದರೆಯಿಲ್ಲ. 10 ದಾಟಿದರೆ ಸಂದು ಬಿಟ್ಟುಕೊಂಡಿದೆ ಎನ್ನುತ್ತಾರೆ. ಮಗ್ಗುಲಾಗುವಾಗ, ಆಟೋ ಇಳಿಯುವಾಗ ನೋವು ಹೆಚ್ಚು. ಎರಡು ಕಾಲನ್ನೂ ಜೋಡಿಸಿಕೊಂಡೇ ಹೊರಳುವುದು, ಕೂತು ಬಟ್ಟೆ ಹಾಕಿಕೊಳ್ಳುವುದು ಆರಾಮ ಕೊಡುತ್ತವೆ.

ಬಸಿರಿಲ್ಲದ ಹೆಣ್ಣುಮಕ್ಕಳಲ್ಲಿ ಇದೇ ಭಾಗ ನೋಯುತ್ತಾ, ನೆಲದಿಂದ ಏಳಲು ಕೈ ಊರಬೇಕಾಗಿ, ನಡಿಗೆ ಎರಡೂ ಕಡೆ ಓಲಾಡುತ್ತಿದ್ದರೆ ವಿಟಮಿನ್ ಡಿ ನೋಡಿಸಿ. ಮೂಳೆ ಮೆತ್ತಗಾಗಿ ಪ್ಯೂಬಿಸ್‌ನ ತೆಳು ಕಂಬಿಗಳಲ್ಲಿ ಸೂಕ್ಷ್ಮ ಸೀಳು ಬರುತ್ತದೆ. ಬಿಸಿಲು ಕಾಣದ ಬದುಕು, ಮೇಲಿಂದ ಮೇಲೆ ಹೆರಿಗೆ ಇದ್ದವರಲ್ಲಿ ಹೆಚ್ಚು. ಪಾವಗಡದಂಥ ಫ್ಲೋರೈಡ್ ನೀರಿನ ಸೀಮೆಯವರಾದರೆ ಎದುರು ದೋಷವೂ ಸಾಧ್ಯ. ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಅತಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ, ಕಟ್ಟುನಾರುಗಳಿಗೂ ಸುಣ್ಣ ಏರಿರುತ್ತದೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಮಗು ಮೊಣಕಾಲು ತೋರಿಸಿದರೂ ಸೊಂಟ ನೋಡಿ

ಸೊಂಟದ ಕೀಲಿಗೂ ಮೊಣಕಾಲಿಗೂ ಆಬ್ಟ್ಯುರೇಟರ್ ನರದ ಕವಲುಗಳು ಹೋಗುತ್ತವೆ. ಅದೇ ನರ ಸೊಂಟದ ಮೂಳೆಯ ಕೆಳಭಾಗದ ದೊಡ್ಡ ಕಿಂಡಿಯ ಮೂಲಕ ತೊಡೆಗೆ ಇಳಿಯುತ್ತದೆ. ಹಾಗಾಗಿ ಸೊಂಟ ಕೆಟ್ಟು ಮೊಣಕಾಲು ನೋಯುವುದು ಮಕ್ಕಳಲ್ಲಿ ಬಹಳ ಸಾಮಾನ್ಯ. ಮೊಣಕಾಲಿನ ಎಕ್ಸ್‌ರೇ ನಾರ್ಮಲ್ ಬಂತು ಎಂದು ಮನೆಗೆ ಕಳಿಸಿದರೆ ದೋಷ ಮೇಲೆ ಹಾಗೇ ಉಳಿಯುತ್ತದೆ.

ವಯಸ್ಸು ಇಲ್ಲಿ ಅರ್ಧ ಉತ್ತರ ಕೊಡುತ್ತದೆ. ಆಗಷ್ಟೇ ನಡೆಯಲು ಕಲಿತ ಮಗು ನೋವಿಲ್ಲದೆ ಕುಂಟಿದರೆ ಹುಟ್ಟಿನಿಂದಲೇ ಗುಳಿ ಆಳವಾಗಿಲ್ಲದಿರಬಹುದು. ಕೂಸಿನ ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವ ರೂಢಿ ಇದನ್ನು ಹೆಚ್ಚಿಸುತ್ತದೆ. ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ರೂಢಿ ಕೀಲಿಗೆ ಒಳ್ಳೆಯದು. ನೆಗಡಿ ಆಗಿ ವಾರದ ನಂತರ ಮೂರರಿಂದ ಎಂಟು ವರ್ಷದ ಮಗು ಕುಂಟಿದರೆ, ಜ್ವರವಿಲ್ಲದಿದ್ದರೆ, ಹೆಚ್ಚಾಗಿ ತಾನೇ ಇಳಿಯುವ ಊತ. ಹಾಗೆಂದು ತೀರ್ಮಾನಿಸುವ ಮುನ್ನ ವೈದ್ಯರು 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕಾಲೂರಲಾಗದಿರುವುದು, ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್ಆರ್ 40 ದಾಟಿರುವುದು, ಬಿಳಿರಕ್ತಕಣ 12,000 ದಾಟಿರುವುದು ಇವನ್ನು ನೋಡುತ್ತಾರೆ. ಕೂಡಿದಷ್ಟೂ ಕೀವಿನ ಅನುಮಾನ ಗಟ್ಟಿ.

ನಾಲ್ಕರಿಂದ ಹನ್ನೆರಡರೊಳಗಿನ ಹುಡುಗ ವಾರಗಟ್ಟಲೆ ಕುಂಟಿದರೆ ಪರ್ಥೀಸ್ ಕಾಯಿಲೆ ಇರಬಹುದು. ದೊಡ್ಡವರಲ್ಲಿ ಹೇಳಿದ ಹಾಗೆ ಗುಂಡಿಗೆ ರಕ್ತ ನಿಲ್ಲುವುದೇ, ಆದರೆ ಮಕ್ಕಳಲ್ಲಿ ಮತ್ತೆ ಮೂಳೆ ಕಟ್ಟಿಕೊಳ್ಳುತ್ತದೆ. ಗುಂಡಗೆ ಕಟ್ಟಿಕೊಳ್ಳುತ್ತದೋ ಚಪ್ಪಟೆಯಾಗಿಯೋ ಎಂಬುದೇ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಇದು ಹೆಚ್ಚು ಎಂದು ಮಣಿಪಾಲದ ವೈದ್ಯರು 1980ರ ದಶಕದಲ್ಲೇ ದಾಖಲಿಸಿದ್ದಾರೆ. ಉಡುಪಿ, ಮಂಗಳೂರಿನ ಕಡೆಯವರು ಬೆಳೆಯುವ ನೋವು ಎಂದು ತಳ್ಳಿಹಾಕುವ ಮುನ್ನ ಇದನ್ನು ನೆನೆಯಬೇಕು. ಹತ್ತರಿಂದ ಹದಿನಾರರ, ತೂಕ ಹೆಚ್ಚಿರುವ ಮಕ್ಕಳಲ್ಲಿ ಗುಂಡು ಬೆಳವಣಿಗೆ ಪದರದಿಂದ ಜಾರುತ್ತದೆ. ಮಲಗಿಸಿ ತೊಡೆ ಮಡಚಿದರೆ ಮೊಣಕಾಲು ತಾನಾಗಿ ಹೊರಕ್ಕೆ ವಾಲುವುದೇ ಗುರುತು. ಹಾಗೆ ಕಂಡರೆ ನಡೆಸಬೇಡಿ, ಎತ್ತಿಕೊಂಡೇ ಒಯ್ಯಿರಿ. ರಾತ್ರಿ ನಿದ್ದೆಯಲ್ಲಿ ಚೀರಿ ಏಳುವ, ತೂಕ ಇಳಿಯುತ್ತಿರುವ ಮಗುವಾದರೆ ಕೀಲಿನ ಕ್ಷಯ ಇರಬಹುದು. ಎಚ್ಚರವಿದ್ದಾಗ ಕೀಲನ್ನು ಬಿಗಿಹಿಡಿದ ಸ್ನಾಯು ನಿದ್ದೆಯಲ್ಲಿ ಸಡಿಲವಾಗಿ ನೋವು ಏಳುತ್ತದೆ.

ಎಕ್ಸ್‌ರೇ ಚೀಟಿಯಲ್ಲಿ ಏನಿರಬೇಕು

ಎರಡೂ ಸೊಂಟ ಕಾಣುವ ಮುಂಭಾಗದ ಚಿತ್ರ ಇರಲಿ. ನೋವಿರುವ ಕಡೆಯದಷ್ಟೇ ತೆಗೆದರೆ ಹೋಲಿಸಲು ಏನೂ ಇರುವುದಿಲ್ಲ. ಮಕ್ಕಳಿಗೆ ಕಾಲು ಮಡಚಿ ಅಗಲಿಸಿದ ಇನ್ನೊಂದು ಚಿತ್ರವೂ ಬೇಕು. ಜಾರಿದ ಗುಂಡು ಮುಂಭಾಗದ ಚಿತ್ರದಲ್ಲಿ ತಪ್ಪಿಸಿಕೊಳ್ಳುತ್ತದೆ. ನಡೆಸಲಾಗದಷ್ಟು ನೋವಿರುವ ಮಗುವಿನ ಕಾಲನ್ನು ಹಾಗೆ ಎಳೆದು ಅಗಲಿಸಬಾರದು, ಬದಿಯಿಂದ ತೆಗೆಯಲು ಕೇಳಿ. ನಾಲ್ಕೈದು ತಿಂಗಳೊಳಗಿನ ಕೂಸಿಗೆ ಅಲ್ಟ್ರಾಸೌಂಡ್ ಸಾಕು. ಗುಂಡು ಇನ್ನೂ ಮೆತ್ತನೆ ಎಲುಬಾಗಿರುವುದರಿಂದ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಬಿದ್ದ ಅಜ್ಜಿಯ ಎಕ್ಸ್‌ರೇ ನಾರ್ಮಲ್ ಬಂದು, ಆದರೂ ಕಾಲೂರಲು ಆಗುತ್ತಿಲ್ಲ ಎಂದರೆ ವರದಿಯನ್ನಲ್ಲ, ಅಜ್ಜಿಯನ್ನು ನಂಬಿ. ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯ ಸೀಳಿರಬಹುದು, ಎಂಆರ್‌ಐ ಅಥವಾ ಸಿಟಿ ಮಾಡಿಸಿ. ಕತ್ತು ಸರಿಯಿದ್ದು ಪ್ಯೂಬಿಸ್‌ನ ಕಂಬಿಯಷ್ಟೇ ಸೀಳಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನೋವಿಗೆ ಮಾತ್ರೆ ಕೊಟ್ಟು, ವಾಕರ್ ಹಿಡಿಸಿ, ವೈದ್ಯರು ಹೇಳಿದಷ್ಟು ಭಾರ ಹಾಕಿಸಿ ಬೇಗ ನಡೆಸಬೇಕು. ಕೂಡಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಅದರ ಜೊತೆಗೇ ಮೂಳೆ ಸಾಂದ್ರತೆಯ ಪರೀಕ್ಷೆಗೂ ಚೀಟಿ ಬರೆಸಿಕೊಳ್ಳಿ.